ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು

ವಾಹನ ಪ್ರಶ್ನೋತ್ತರ: ಈ ಸಲ ಆಟೊಮ್ಯಾಟಿಕ್ ಕಾರುಗಳು

ಆಟೊಮ್ಯಾಟಿಕ್ ಕಾರಿನ ಬಗ್ಗೆ ಬರೆದವರಲ್ಲಿ ಕೆಲವರು ಕಾರಿನ ಬಣ್ಣವನ್ನೂ ತಿಳಿಸಿದ್ದಾರೆ, ಒಳಗೆ ಯಾವ ಬಗೆಯ ಗೇರ್‌ಬಾಕ್ಸ್ ಇದೆ ಎಂಬುದನ್ನು ಮಾತ್ರ ಬಿಟ್ಟಿದ್ದಾರೆ. ನಮ್ಮ ರಸ್ತೆಗಳಲ್ಲಿ ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಯಂತ್ರಗಳು ಓಡುತ್ತಿವೆ. ಮಾಮೂಲಿ ಗೇರ್‌ಬಾಕ್ಸ್‌ಗೇ ಕ್ಲಚ್ ಒತ್ತುವ, ಗೇರ್ ಎಳೆಯುವ ಸಾಧನ (ಆಕ್ಚುಯೇಟರ್) ಜೋಡಿಸಿದ್ದು ಎಎಂಟಿ. ಎಣ್ಣೆಯ ಮೂಲಕ ಇಂಜಿನ್ನಿನ ಶಕ್ತಿ ದಾಟಿಸುವುದು ಟಾರ್ಕ್ ಕನ್ವರ್ಟರ್. ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುವುದು ಸಿವಿಟಿ. ಬೆಸ ಗೇರಿಗೊಂದು, ಸಮ ಗೇರಿಗೊಂದು ಕ್ಲಚ್ ಇರುವುದು ಡಿಸಿಟಿ. ಒಂದಕ್ಕೆ ಸರಿಹೋಗುವ ಎಣ್ಣೆ ಇನ್ನೊಂದನ್ನು ಹಾಳು ಮಾಡುತ್ತದೆ. ಮುಂದೆ ಬರೆಯುವವರು ಬಗೆ, ಓಡಿದ ಕಿ.ಮೀ., ತೊಂದರೆ ಬರುವುದು ಗಾಡಿ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಎಷ್ಟು ವೇಗದಲ್ಲಿ, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ ಎಂಬುದನ್ನು ದಯವಿಟ್ಟು ತಿಳಿಸಿ. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ನನ್ನದು ಐದು ವರ್ಷದ ಎಎಂಟಿ ಹ್ಯಾಚ್‌ಬ್ಯಾಕ್, 62,000 ಕಿ.ಮೀ. ಓಡಿದೆ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಮುಗ್ಗರಿಸುತ್ತದೆ. ಈಚೆಗೆ ಸಿಗ್ನಲ್ಲಿನಲ್ಲಿ ಎರಡು ಸಲ ತಾನಾಗಿ ನ್ಯೂಟ್ರಲ್‌ಗೆ ಬಿತ್ತು. ಆಕ್ಚುಯೇಟರ್ ಪೂರ್ತಿ ಬದಲಿಸಬೇಕು ಎನ್ನುತ್ತಾರೆ ಗ್ಯಾರೇಜಿನವರು. ಒಪ್ಪಿಕೊಳ್ಳಲೇ? (ಓದುಗರೊಬ್ಬರು, ತುಮಕೂರು)

ಉತ್ತರ: ಈಗಲೇ ಬೇಡ. ನೀವು ಬರೆದಿರುವುದು ಎರಡು ಬೇರೆ ಬೇರೆ ದೂರು. ಒಂದರಿಂದ ಎರಡಕ್ಕೆ ಹೋಗುವಾಗ ಸ್ವಲ್ಪ ತಡೆದಂತಾಗುವುದು ಎಎಂಟಿಯ ಹುಟ್ಟುಗುಣ. ಇರುವುದು ಒಂದೇ ಕ್ಲಚ್. ಅದು ಬಿಡಬೇಕು, ಗೇರ್ ಬದಲಾಗಬೇಕು, ಮತ್ತೆ ಕ್ಲಚ್ ಹಿಡಿಯಬೇಕು. ಅಷ್ಟು ಹೊತ್ತು ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಗೇರ್ ಬದಲಾಗುವ ಹೊತ್ತಿಗೆ ಕಾಲನ್ನು ಆಕ್ಸಿಲರೇಟರಿನಿಂದ ತುಸು ಸಡಿಲಿಸಿ ನೋಡಿ. ಮುಗ್ಗರಿಕೆ ಬಹುಪಾಲು ಹೋದರೆ ಅದು ರೋಗವಲ್ಲ. ಮೊದಲಿಗಿಂತ ಈಗ ಜಾಸ್ತಿಯಾಗಿದೆ ಅನ್ನಿಸಿದರೆ ಮಾತ್ರ ಕ್ಲಚ್ ಸವೆತದ ಕಡೆ ನೋಡಬೇಕು.

ತಾನಾಗಿ ನ್ಯೂಟ್ರಲ್‌ಗೆ ಬೀಳುವುದು ಹಾಗಲ್ಲ, ಅದಕ್ಕೆ ಕಾರಣ ಹುಡುಕಲೇಬೇಕು. ಹುಡುಕುವ ಕ್ರಮ ಅಗ್ಗದ್ದರಿಂದ ಶುರುವಾಗಲಿ. ಮೊದಲು ಬ್ಯಾಟರಿ. ಗಾಡಿ ನಿಂತು ನಾಲ್ಕೈದು ಗಂಟೆಯಾದ ಮೇಲೆ ಮಲ್ಟಿಮೀಟರಿನಲ್ಲಿ 12.4 ವೋಲ್ಟ್‌ಗಿಂತ ಕಡಿಮೆ ತೋರಿಸಬಾರದು. ಇಂಜಿನ್ ಓಡುವಾಗ 13.5ರಿಂದ 14.5ರ ನಡುವೆ ಇರಬೇಕು. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಕಾಲ ಮುಗಿಯುತ್ತಾ ಬಂದಿದೆ ಎಂದೇ ತಿಳಿಯಿರಿ. ಎಎಂಟಿಯ ಪಂಪ್, ಕವಾಟಗಳು, ಕಂಪ್ಯೂಟರ್ ಎಲ್ಲವೂ ಈ ವೋಲ್ಟೇಜನ್ನೇ ನಂಬಿಕೊಂಡಿವೆ. ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ವೈರಿನ ಬೋಲ್ಟ್ ತುಕ್ಕು ಹಿಡಿದಿದ್ದರೂ ಇದೇ ಆಟ.

ಆಮೇಲೆ ಬ್ರೇಕ್ ಸ್ವಿಚ್. ಪೆಡಲ್ ಒತ್ತಿದ್ದೀರಿ ಎಂಬ ಸುದ್ದಿ ಕಂಪ್ಯೂಟರಿಗೆ ಹೋಗುವುದು ಇದರಿಂದಲೇ. ಮಧ್ಯೆ ಮಧ್ಯೆ ಕೈಕೊಡುವ ಸ್ವಿಚ್ ಸಿಗ್ನಲ್ಲಿನಲ್ಲಿ ಗೇರ್ ಹಾಕಲು ಬಿಡುವುದಿಲ್ಲ.

ಮೂರನೆಯದು ಆಕ್ಚುಯೇಟರಿನ ಎಣ್ಣೆ. ಕೆಲವು ಎಎಂಟಿಗಳಲ್ಲಿ ಆಕ್ಚುಯೇಟರ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತದೆ, ಕೆಲವದರಲ್ಲಿ ಬರೀ ಎಲೆಕ್ಟ್ರಿಕ್ ಮೋಟಾರಿನಿಂದ. ನಿಮ್ಮದು ಎಣ್ಣೆಯದ್ದಾದರೆ ಬಾನೆಟ್ಟಿನಡಿ ಅದಕ್ಕೇ ಬೇರೆ ಚಿಕ್ಕ ಡಬ್ಬಿ ಇರುತ್ತದೆ. ಅದರ ಎಣ್ಣೆಯೇ ಬೇರೆ. ಗೇರ್ ಆಯಿಲ್ ಆಗಲಿ, ಬ್ರೇಕ್ ಆಯಿಲ್ ಆಗಲಿ ಅದಕ್ಕೆ ಹಾಕಬಾರದು. ಪಂಪಿನ ಸದ್ದಿಗೂ ಕಿವಿ ಕೊಡಿ. ಹಲವು ಕಾರುಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ‘ಜುಂಯ್’ ಎಂದು ಕೆಲವು ಸೆಕೆಂಡ್ ಓಡಿ ನಿಲ್ಲುತ್ತದೆ, ಆಮೇಲೆ ಗೇರ್ ಬದಲಾದಾಗ ಆಗೀಗ ಓಡುತ್ತದೆ. ನಿಂತೇ ಇದ್ದರೂ ಪದೇ ಪದೇ ಓಡುತ್ತಿದ್ದರೆ ಒತ್ತಡ ಎಲ್ಲೋ ಸೋರುತ್ತಿದೆ. ಆಗ ಆಕ್ಚುಯೇಟರ್ ಮೇಲಿನ ಅನುಮಾನಕ್ಕೆ ಅರ್ಥವಿದೆ.

ಕೊನೆಗೆ ಕ್ಲಚ್. ವಾಹನವಿಲ್ಲದ ನೇರ ರಸ್ತೆಯಲ್ಲಿ ಮ್ಯಾನುಯಲ್ ಮೋಡ್‌ಗೆ ಹಾಕಿ, ನಾಲ್ಕನೇ ಗೇರಿನಲ್ಲಿ 45-50 ಕಿ.ಮೀ. ವೇಗದಲ್ಲಿದ್ದಾಗ ಆಕ್ಸಿಲರೇಟರನ್ನು ಮುಕ್ಕಾಲು ಭಾಗ ಒತ್ತಿ. ಆರ್‌ಪಿಎಂ ಮುಳ್ಳು ಮತ್ತು ವೇಗದ ಮುಳ್ಳು ಜೊತೆಯಾಗಿ ಏರಬೇಕು. ಗೇರ್ ಬದಲಾಗದೆ ಆರ್‌ಪಿಎಂ ಮಾತ್ರ ಹಾರಿದರೆ ಕ್ಲಚ್ ಜಾರುತ್ತಿದೆ. 62,000 ಕಿ.ಮೀ.ಯಲ್ಲಿ ಅದೇನೂ ಅಚ್ಚರಿಯಲ್ಲ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಹಾಕಿದ ಮೇಲೆ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಜೋಡಿಸಿ ಕ್ಲಚ್ ಲರ್ನಿಂಗ್ ಮಾಡಲೇಬೇಕು. ಹೊಸ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ ಅದು. ಈ ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಎಎಂಟಿ ಕ್ಲಚ್ ಹಾಕಿಸಬೇಡಿ. ಹೊಸ ಸಾಮಾನು ಹಾಕಿಯೂ ಜರ್ಕ್ ಉಳಿದ ಗಾಡಿಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಲರ್ನಿಂಗ್ ಆಗಿತ್ತೇ ಎಂಬುದೇ.

ಪ್ರಶ್ನೆ: ಬೆಳಿಗ್ಗೆ ಗೇರ್ ಲಿವರ್ ‘ಪಿ’ (ಪಾರ್ಕಿಂಗ್) ಯಿಂದ ಕದಲಲೇ ಇಲ್ಲ. ಇಂಜಿನ್ ಸ್ಟಾರ್ಟ್ ಆಗುತ್ತದೆ. ಗೇರ್‌ಬಾಕ್ಸ್ ಜಾಮ್ ಆಗಿದೆಯೇ? (ಹುಬ್ಬಳ್ಳಿ)

ಉತ್ತರ: ಬಹುಶಃ ಇಲ್ಲ. ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ, ಬ್ರೇಕ್ ಲೈಟ್ ಹತ್ತುತ್ತದೆಯೇ ಕೇಳಿ. ಹತ್ತದಿದ್ದರೆ ಬ್ರೇಕ್ ಸ್ವಿಚ್ ಅಥವಾ ಅದರ ಫ್ಯೂಸ್ ಹೋಗಿದೆ. ಬ್ರೇಕ್ ಒತ್ತಿದ ಸುದ್ದಿ ಬಾರದೆ ಲಿವರಿನ ಬೀಗ ತೆರೆಯುವುದಿಲ್ಲ, ಅಷ್ಟೆ. ಲಿವರಿನ ಪಕ್ಕದಲ್ಲಿ ಚಿಕ್ಕ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಮುಚ್ಚಳ ತೆಗೆದು, ಕೀ ಅಥವಾ ಸ್ಕ್ರೂಡ್ರೈವರ್ ತುದಿಯಿಂದ ಒಳಗಿನ ಗುಂಡಿ ಒತ್ತಿಹಿಡಿದು, ಬ್ರೇಕ್ ಮೇಲೆ ಕಾಲಿಟ್ಟು ಲಿವರನ್ನು ‘ಎನ್’ (ನ್ಯೂಟ್ರಲ್) ಗೆ ತನ್ನಿ. ಅಲ್ಲಿಂದ ‘ಡಿ’ (ಡ್ರೈವ್) ಗೆ ಹಾಕಿ ಗ್ಯಾರೇಜಿಗೆ ಹೋಗಬಹುದು, ಆದರೆ ಬ್ರೇಕ್ ಲೈಟ್ ಇಲ್ಲದ ಗಾಡಿ ಎಂಬುದು ನೆನಪಿರಲಿ. ಹಗಲಲ್ಲೇ ಹೋಗಿ.

ಬ್ರೇಕ್ ಲೈಟ್ ಹತ್ತುತ್ತಿದ್ದು, ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಕಾರಣ ಬೇರೆ. ಗಾಡಿಯ ಭಾರವೆಲ್ಲ ಗೇರ್‌ಬಾಕ್ಸಿನೊಳಗಿನ ಪಾರ್ಕಿಂಗ್ ಕೊಂಡಿಯ ಮೇಲೆ ಕೂತಿದೆ. ಲಿವರ್ ಎಳೆದಾಗ ‘ಟಕ್’ ಎಂದು ಬಿಡುವುದೂ ಅದರಿಂದಲೇ. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ‘ಎನ್’, ಆಮೇಲೆ ಹ್ಯಾಂಡ್‌ಬ್ರೇಕ್, ಕಾಲು ಸಡಿಲಿಸಿ ಗಾಡಿ ಹ್ಯಾಂಡ್‌ಬ್ರೇಕಿನ ಮೇಲೆ ಕೂತ ಮೇಲೆ ‘ಪಿ’.

ಪ್ರಶ್ನೆ: ಆರು ಗೇರಿನ ಟಾರ್ಕ್ ಕನ್ವರ್ಟರ್ ಡೀಸೆಲ್ ಎಸ್‌ಯುವಿ, 95,000 ಕಿ.ಮೀ. ಹೆದ್ದಾರಿಯಲ್ಲಿ 65-80ರ ವೇಗದಲ್ಲಿ ಸಮನಾಗಿ ಹೋಗುತ್ತಿರುವಾಗ, ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಹೋದಂತೆ ಒಂದೆರಡು ಸೆಕೆಂಡ್ ಗಡಗಡ ನಡುಗುತ್ತದೆ. ಜೋರಾಗಿ ಒತ್ತಿದರೆ ಇಲ್ಲ. ಚಕ್ರದ ಬ್ಯಾಲೆನ್ಸಿಂಗ್ ಎರಡು ಸಲ ಆಯಿತು. ಈಗ ಗೇರ್‌ಬಾಕ್ಸ್ ಓವರ್‌ಹಾಲ್ ಎನ್ನುತ್ತಿದ್ದಾರೆ. ಗೇರ್‌ಬಾಕ್ಸ್ ಎಣ್ಣೆ ಇದುವರೆಗೆ ಬದಲಿಸಿಲ್ಲ, ಅದು ‘ಲೈಫ್‌ಟೈಮ್’ ಅಂತೆ. (ದಾವಣಗೆರೆ)

ಉತ್ತರ: ಬೇಕಾದ ವಿವರವನ್ನೆಲ್ಲ ಕೊಟ್ಟು ಬರೆದಿದ್ದೀರಿ. ಓವರ್‌ಹಾಲ್ ಮಾತನ್ನು ಸದ್ಯ ಪಕ್ಕಕ್ಕಿಡಿ.

ಟಾರ್ಕ್ ಕನ್ವರ್ಟರಿನಲ್ಲಿ ಇಂಜಿನ್ ಕಡೆಯ ಚಕ್ರ ಎಣ್ಣೆಯನ್ನು ಎರಚುತ್ತದೆ, ಆ ರಭಸಕ್ಕೆ ಗೇರ್‌ಬಾಕ್ಸ್ ಕಡೆಯ ಚಕ್ರ ತಿರುಗುತ್ತದೆ. ನಡುವೆ ಗಟ್ಟಿ ಜೋಡಣೆ ಇಲ್ಲದ ಕಾರಣ ಸ್ವಲ್ಪ ಜಾರುವಿಕೆ ಇದ್ದೇ ಇರುತ್ತದೆ, ಡೀಸೆಲ್ ವ್ಯರ್ಥವಾಗುತ್ತದೆ. ಅದನ್ನು ತಪ್ಪಿಸಲು ಸಮ ವೇಗದಲ್ಲಿ ಓಡುವಾಗ ಎರಡನ್ನೂ ಒಂದಾಗಿ ಹಿಡಿಯುವ ಲಾಕ್-ಅಪ್ ಕ್ಲಚ್ ಒಳಗಿದೆ. ಈ ಕ್ಲಚ್ ಮೆತ್ತಗೆ ಹಿಡಿಯುವಂತೆ ನೋಡಿಕೊಳ್ಳುವ ರಾಸಾಯನಿಕಗಳು ಎಣ್ಣೆಯಲ್ಲಿರುತ್ತವೆ. ಬಿಸಿಗೆ ವರ್ಷಗಟ್ಟಲೆ ಕಾದು ಅವು ಸತ್ವ ಕಳೆದುಕೊಂಡಾಗ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ನೀವು ಹೇಳುವ ನಡುಕಕ್ಕೆ ಇದು ತೀರಾ ಹೊಂದುವ ಕಾರಣ.

ಖಚಿತಪಡಿಸಿಕೊಳ್ಳಲು ಒಂದು ಪರೀಕ್ಷೆ ಇದೆ. ಹಿಂದೆ ವಾಹನ ಇಲ್ಲದ ಹೊತ್ತು ನೋಡಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಆರ್‌ಪಿಎಂ ಮುಳ್ಳು ನೋಡಲು ಹೇಳಿ. ನಡುಕ ಬಂದಾಗ ಆಕ್ಸಿಲರೇಟರ್ ಹಾಗೇ ಇಟ್ಟು, ಎಡಗಾಲನ್ನು ಬ್ರೇಕ್ ಪೆಡಲಿಗೆ ತಾಗಿಸಿ. ವೇಗ ಇಳಿಯಬಾರದು, ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ. ಎಡಗಾಲಿಗೆ ಅಭ್ಯಾಸವಿಲ್ಲದಿದ್ದರೆ ಈ ಕೆಲಸ ಮೆಕ್ಯಾನಿಕ್ಕಿಗೇ ಬಿಡಿ. ಬ್ರೇಕ್ ತಾಗಿದ ಕೂಡಲೇ ಕಂಪ್ಯೂಟರ್ ಲಾಕ್-ಅಪ್ ಬಿಡಿಸುತ್ತದೆ. ಮುಳ್ಳು ಒಂದಿಷ್ಟು ಮೇಲೇರಿ ನಡುಕ ತಟ್ಟನೆ ನಿಂತರೆ ಕಳ್ಳ ಸಿಕ್ಕಿದ.

ನಿಲ್ಲದಿದ್ದರೆ ಬೇರೆ ಕಡೆ ಹುಡುಕಬೇಕು. ಚಕ್ರದ ಅಸಮತೋಲವಾದರೆ ನಡುಕ ವೇಗಕ್ಕೆ ಮಾತ್ರ ಸಂಬಂಧಪಟ್ಟಿರುತ್ತದೆ, ‘ಎನ್’ಗೆ ಹಾಕಿದರೂ ಹೋಗುವುದಿಲ್ಲ. ಆಕ್ಸಲ್ಲಿನ ಒಳಗಿನ ಜಾಯಿಂಟ್ ಸವೆದಿದ್ದರೆ ಜೋರಾಗಿ ಒತ್ತಿದಾಗ ಹೆಚ್ಚುತ್ತದೆ, ನಿಮ್ಮದು ಅದಕ್ಕೆ ತದ್ವಿರುದ್ಧ. ಇಂಜಿನ್ನಿನ ಒಂದು ಸಿಲಿಂಡರ್ ಆಗಾಗ ಉರಿಯದೆ ಬಿಡುತ್ತಿದ್ದರೆ ಏರಿನಲ್ಲಿ, ಐಡಲಿಂಗಿನಲ್ಲಿ ಕೂಡ ತಿಳಿಯುತ್ತದೆ. ಪೆಟ್ರೋಲ್ ಗಾಡಿಯವರು ಇದೇ ನಡುಕಕ್ಕೆ ಸ್ಪಾರ್ಕ್ ಪ್ಲಗ್ ಮತ್ತು ಇಗ್ನಿಷನ್ ಕಾಯಿಲ್ ನೋಡದೆ ಗೇರ್‌ಬಾಕ್ಸ್ ಮುಟ್ಟಿಸಬಾರದು.

ಈಗ ಎಣ್ಣೆ. ‘ಲೈಫ್‌ಟೈಮ್’ ಎನ್ನುವಾಗ ಯಾರ ಲೈಫ್ ಎಂದು ಕೇಳಬೇಕು. ಜರ್ಮನಿಯ ಗೇರ್‌ಬಾಕ್ಸ್ ತಯಾರಕ ಜಡ್‌ಎಫ್ ತನ್ನದೇ ಆಟೊಮ್ಯಾಟಿಕ್ ಪೆಟ್ಟಿಗೆಗಳಿಗೆ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷದೊಳಗೆ ಎಣ್ಣೆ ಬದಲಿಸಿ ಎನ್ನುತ್ತದೆ. ನಮ್ಮ ಬಿಸಿಲು ಮತ್ತು ಟ್ರಾಫಿಕ್ಕಿಗೆ 60,000 ಕಿ.ಮೀ.ಯೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಬದಲಿಸುವ ರೀತಿಯೂ ಮುಖ್ಯ. ಒಟ್ಟು 8 ಲೀಟರ್ ಹಿಡಿಯುವ ಪೆಟ್ಟಿಗೆಯ ಡ್ರೈನ್ ಪ್ಲಗ್ ಬಿಚ್ಚಿದರೆ ಸುಮಾರು 3.2 ಲೀಟರ್ ಮಾತ್ರ ಇಳಿಯುತ್ತದೆ. ಉಳಿದದ್ದು ಕನ್ವರ್ಟರಿನಲ್ಲಿ, ಕೂಲರಿನಲ್ಲಿ, ಒಳದಾರಿಗಳಲ್ಲಿ ಉಳಿಯುತ್ತದೆ. ಅಂದರೆ ಒಂದು ಸಲಕ್ಕೆ ಹೊಸದಾಗುವುದು ಶೇ 40. ನಡುವೆ 300-500 ಕಿ.ಮೀ. ಓಡಿಸಿ ಹೀಗೆ ಮೂರು ಸಲ ಮಾಡಿದರೆ ಶೇ 78ರಷ್ಟು ಹೊಸ ಎಣ್ಣೆ ಸೇರುತ್ತದೆ, ಒಟ್ಟು ಹತ್ತು ಲೀಟರಿನೊಳಗೆ ಮುಗಿಯುತ್ತದೆ. ಇಷ್ಟು ವರ್ಷ ಬದಲಿಸದ ಪೆಟ್ಟಿಗೆಗೆ ಯಂತ್ರ ಜೋಡಿಸಿ ಒತ್ತಡದಲ್ಲಿ ಫ್ಲಶ್ ಮಾಡಿಸುವುದಕ್ಕಿಂತ ಈ ದಾರಿ ವಾಸಿ. ತಳದಲ್ಲಿ ಕುಳಿತ ಕೊಳೆಯನ್ನು ಎಬ್ಬಿಸಿ ಕವಾಟಗಳ ಸಣ್ಣ ದಾರಿಗಳಿಗೆ ತಳ್ಳುವ ಅಪಾಯ ಇದರಲ್ಲಿಲ್ಲ.

ಮೊದಲ ಸಲ ಗೇರ್‌ಬಾಕ್ಸಿನ ತಳದ ಪ್ಯಾನ್ (ಎಣ್ಣೆ ತಟ್ಟೆ) ಬಿಚ್ಚಿಸಿ. ಒಳಗೆ ಅಯಸ್ಕಾಂತಗಳಿರುತ್ತವೆ. ಅವುಗಳ ಮೇಲೆ ಬೂದುಬಣ್ಣದ ನುಣ್ಣನೆಯ ಲೇಪ ಇದ್ದರೆ ಸಹಜ ಸವೆತ. ಮಿನುಗುವ ಚೂರು, ಹಿತ್ತಾಳೆ ಬಣ್ಣದ ಪುಡಿ, ಕ್ಲಚ್ ಪ್ಲೇಟಿನ ಕಪ್ಪು ಹಳಕು ಇದ್ದರೆ ಓವರ್‌ಹಾಲ್ ಮಾತಿಗೆ ಬಲ ಬರುತ್ತದೆ. ಫಿಲ್ಟರ್ ಪ್ಯಾನಿನೊಳಗಿದ್ದರೆ ಅದನ್ನೂ ಬದಲಿಸಿ. ಇಳಿದ ಎಣ್ಣೆಯನ್ನು ಅಳತೆ ಪಾತ್ರೆಗೆ ಹಿಡಿಯಿರಿ, ಚರಂಡಿಗಲ್ಲ. ಎಷ್ಟು ಇಳಿಯಿತೋ ಅಷ್ಟು ಹಾಕುವುದು ಮೊದಲ ಲೆಕ್ಕ. ಎಣ್ಣೆ ಕಂದಾಗಿದ್ದರೆ ಹೆದರಬೇಕಿಲ್ಲ, ಸುಟ್ಟ ವಾಸನೆ ಬಂದರೆ ಕ್ಲಚ್‌ಗಳು ಜಾರಿವೆ.

ಮಟ್ಟ ನೋಡುವಲ್ಲೇ ಹೆಚ್ಚು ತಪ್ಪಾಗುವುದು. ಈಗಿನ ಅನೇಕ ಪೆಟ್ಟಿಗೆಗಳಲ್ಲಿ ಡಿಪ್‌ಸ್ಟಿಕ್ ಇಲ್ಲ, ತುಂಬಿ ಹೊರಸೂಸುವ ಪ್ಲಗ್ ಇದೆ. ಗಾಡಿ ಸಮತಟ್ಟಾಗಿ ನಿಂತು, ಇಂಜಿನ್ ಓಡುತ್ತಾ, ಲಿವರನ್ನು ಎಲ್ಲ ಗೇರುಗಳಿಗೂ ಒಂದು ಸುತ್ತು ಓಡಾಡಿಸಿ ‘ಪಿ’ಗೆ ತಂದು, ಎಣ್ಣೆಯು ತಯಾರಕರು ಹೇಳಿದ ಉಷ್ಣತೆಗೆ ಬಂದಾಗ (ಹಲವು ಪೆಟ್ಟಿಗೆಗಳಲ್ಲಿ 40 ಡಿಗ್ರಿ ಆಸುಪಾಸು, ನಿಮ್ಮದರ ಸಂಖ್ಯೆ ಸರ್ವಿಸ್ ಮ್ಯಾನುಯಲ್ಲಿನಲ್ಲಿದೆ) ಆ ಪ್ಲಗ್ ತೆಗೆಯಬೇಕು. ಸಣ್ಣ ಧಾರೆ ಬಂದು ಹನಿಯಾಗುವ ಹೊತ್ತಿಗೆ ಮುಚ್ಚಬೇಕು. ಗಾಡಿ ದೂರದಿಂದ ಓಡಿ ಬಂದು 80 ಡಿಗ್ರಿಯಲ್ಲಿದ್ದಾಗ ತೆಗೆದರೆ ಹಿಗ್ಗಿದ ಎಣ್ಣೆ ಹೆಚ್ಚು ಹೊರಹೋಗಿ ಒಳಗೆ ಕಡಿಮೆ ಉಳಿಯುತ್ತದೆ. ಉಷ್ಣತೆಯನ್ನು ಸ್ಕ್ಯಾನರಿನಲ್ಲೇ ನೋಡಬೇಕು, ಕೈಯಿಟ್ಟು ಅಂದಾಜು ಮಾಡುವಂಥದ್ದಲ್ಲ.

ಎಣ್ಣೆಯ ಹೆಸರು ಅಕ್ಷರಶಃ ಹೊಂದಬೇಕು. ಟೊಯೊಟಾ ಡಬ್ಲ್ಯುಎಸ್ ಎಂದಿದ್ದಲ್ಲಿ ಡೆಕ್ಸ್ರಾನ್, ಡೆಕ್ಸ್ರಾನ್ 6 ಎಂದಿದ್ದಲ್ಲಿ ಕೈಗೆ ಸಿಕ್ಕ ಕೆಂಪೆಣ್ಣೆ ಹಾಕುವುದು ಬೇಡ.

ಹಳೇ ಎಣ್ಣೆ ಬದಲಿಸಿದ ಮೇಲೆಯೇ ಗೇರ್‌ಬಾಕ್ಸ್ ಹೋಯಿತು ಎನ್ನುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಅಂಥ ಬಹುಪಾಲು ಗಾಡಿಗಳು ಆಗಲೇ ಜಾರುತ್ತಿದ್ದವು, ಜಾರಿದ್ದಕ್ಕೇ ಎಣ್ಣೆ ಬದಲಿಸಲು ತಂದಿರುತ್ತಾರೆ, ಅಪವಾದ ಎಣ್ಣೆಗೆ. ನಿಮ್ಮ ಗಾಡಿ ಜಾರುತ್ತಿಲ್ಲ, ನಡುಗುತ್ತಿದೆ ಅಷ್ಟೆ. ಮೂರು ಸಲ ಬದಲಿಸಿದ ಮೇಲೂ ನಡುಕ ಉಳಿದರೆ, ಅಥವಾ ಸ್ಕ್ಯಾನರಿನಲ್ಲಿ ಪಿ0741 ಎಂಬ ದೋಷದ ಕೋಡ್ ಬಂದರೆ, ಲಾಕ್-ಅಪ್ ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ಕವಾಟ) ಮತ್ತು ಅದರ ವೈರಿಂಗ್ ಪರೀಕ್ಷಿಸಿ. ಅದೂ ಸರಿಯಿದ್ದರೆ ಕನ್ವರ್ಟರ್ ಬದಲಿಸುವ ಮಾತು. ಆಗಲೂ ಇಡೀ ಗೇರ್‌ಬಾಕ್ಸ್ ಅಲ್ಲ.

ಪ್ರಶ್ನೆ: ‘ಡಿ’ಗೋ ‘ಆರ್’ (ರಿವರ್ಸ್) ಗೋ ಹಾಕಿದರೆ ‘ಧಡ್’ ಎನ್ನುತ್ತದೆ. ಓಡುವಾಗ ಏನೂ ತೊಂದರೆ ಇಲ್ಲ. (ಮಂಡ್ಯ)

ಉತ್ತರ: ಓಡುವಾಗ ಗೇರುಗಳು ನಯವಾಗಿ ಬದಲಾಗುತ್ತಿದ್ದರೆ ಗೇರ್‌ಬಾಕ್ಸಿಗಿಂತ ಮೊದಲು ಇಂಜಿನ್ ಮೌಂಟಿಂಗ್ (ಇಂಜಿನ್ ಕೂರುವ ರಬ್ಬರಿನ ಆಧಾರ) ನೋಡಿ. ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಬ್ರೇಕ್ ಗಟ್ಟಿಯಾಗಿ ಒತ್ತಿಹಿಡಿದು ‘ಆರ್’ನಿಂದ ‘ಡಿ’ಗೆ, ‘ಡಿ’ಯಿಂದ ‘ಆರ್’ಗೆ ಹಾಕಿ. ಒಬ್ಬರು ಪಕ್ಕದಿಂದ ನೋಡಲಿ, ಗಾಡಿಯ ಮುಂದೆ ಯಾರೂ ನಿಲ್ಲಬಾರದು. ಇಂಜಿನ್ ಬೆರಳಗಲಕ್ಕಿಂತ ಹೆಚ್ಚು ಎದ್ದು ಕೂತರೆ ರಬ್ಬರ್ ಹರಿದಿದೆ. ಐಡಲಿಂಗ್ ಆರ್‌ಪಿಎಂ ಕೂಡ ನೋಡಿ. ಬಿಸಿಯಾದ ಪೆಟ್ರೋಲ್ ಇಂಜಿನ್ 700-800ರಲ್ಲಿ ನಿಲ್ಲಬೇಕಾದದ್ದು 1,100ರಲ್ಲಿ ನಿಂತರೆ ಗೇರ್ ಹಿಡಿಯುವಾಗ ಏಟು ಬಿದ್ದೇ ಬೀಳುತ್ತದೆ. ಇಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆದು ಬಿಡುವ ಥ್ರಾಟಲ್ ಬಾಡಿ ಶುಚಿ ಮಾಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

‘ಧಡ್’ ಜೊತೆಗೆ ತಡವೂ ಇದ್ದರೆ, ಅಂದರೆ ‘ಡಿ’ ಹಾಕಿ ಎರಡು ಮೂರು ಸೆಕೆಂಡ್ ಏನೂ ಆಗದೆ ಆಮೇಲೆ ಹಿಡಿದರೆ, ಆಗ ಎಣ್ಣೆ ಮಟ್ಟ ನೋಡಿಸಿ. ಆಕ್ಸಲ್ ಆಯಿಲ್ ಸೀಲ್, ಪ್ಯಾನ್ ಪ್ಯಾಕಿಂಗ್, ಕೂಲರ್ ಹೋಸ್ ಈ ಮೂರರಲ್ಲಿ ಸೋರಿಕೆ ಹುಡುಕಿ. ಬೆಳಿಗ್ಗೆ ಮಾತ್ರ ತಡವಾಗಿ, ಬಿಸಿಯಾದ ಮೇಲೆ ಸರಿಯಾದರೆ ಒಳಗಿನ ಸೀಲುಗಳು ಗಟ್ಟಿಯಾಗುತ್ತಿವೆ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ತಡವಾಗುವುದು ಹೆಚ್ಚು ಕೆಟ್ಟ ಲಕ್ಷಣ. ತೆಳುವಾದ ಎಣ್ಣೆಗೆ ಒತ್ತಡ ಹಿಡಿದಿಡಲು ಆಗುತ್ತಿಲ್ಲ ಎಂದರ್ಥ.

ಪ್ರಶ್ನೆ: ಹೊಸದಾಗಿ ಸಿವಿಟಿ ಸೆಡಾನ್ ಕೊಂಡೆ (ಸೆಕೆಂಡ್ ಹ್ಯಾಂಡ್, 48,000 ಕಿ.ಮೀ.). ಜೋರಾಗಿ ಒತ್ತಿದರೆ ಆರ್‌ಪಿಎಂ 4,000ಕ್ಕೆ ಹಾರಿ ಅಲ್ಲೇ ನಿಲ್ಲುತ್ತದೆ, ಗಾಡಿ ನಿಧಾನಕ್ಕೆ ಏರುತ್ತದೆ. ಬೆಲ್ಟ್ ಜಾರುತ್ತಿದೆಯೇ? ಜೊತೆಗೆ ಒಂದು ‘ಗೊಂಯ್’ ಸದ್ದು. (ಬೆಂಗಳೂರು)

ಉತ್ತರ: ಆರ್‌ಪಿಎಂ ಹಾರಿ ಒಂದೆಡೆ ನಿಂತು, ವೇಗ ಅದನ್ನು ಹಿಡಿಯಲು ಬರುವುದು ಸಿವಿಟಿಯ ಕೆಲಸದ ರೀತಿಯೇ. ಮೆಟ್ಟಿಲಿನಂಥ ಗೇರುಗಳಿಲ್ಲ, ಇಂಜಿನ್ನನ್ನು ಶಕ್ತಿಯ ಬಿಂದುವಿನಲ್ಲಿ ನಿಲ್ಲಿಸಿ ಪುಲ್ಲಿಗಳ ಅಗಲವನ್ನು ಬದಲಿಸುತ್ತಾ ಹೋಗುತ್ತದೆ. ವೇಗ ಎಡೆಬಿಡದೆ ಏರುತ್ತಿದ್ದರೆ ಚಿಂತೆ ಬೇಡ.

ಜಾರುವಿಕೆಯ ಲಕ್ಷಣವೇ ಬೇರೆ. ಸಮ ವೇಗದಲ್ಲಿ ಕಾಲು ಅಲುಗಾಡಿಸದೆ ಹೋಗುವಾಗ ಮುಳ್ಳು 200-300 ಮೇಲೆ ಕೆಳಗೆ ಕುಣಿಯುತ್ತದೆ, ಏರಿನಲ್ಲಿ ಇಂಜಿನ್ ಕೂಗಿದರೂ ವೇಗ ಬೀಳುತ್ತದೆ, 10-20 ಕಿ.ಮೀ. ವೇಗದಲ್ಲಿ ಹೊರಡುವಾಗ ಕಂಪಿಸುತ್ತದೆ. ಇವು ಕಂಡರೆ ಓಡಿಸುವುದನ್ನು ನಿಲ್ಲಿಸಿ ಒತ್ತಡ ಪರೀಕ್ಷಿಸಿ. ಬೆಲ್ಟನ್ನು ಪುಲ್ಲಿಗಳು ಹಿಡಿಯುವುದು ಎಣ್ಣೆಯ ಒತ್ತಡದಿಂದ. ಒಮ್ಮೆ ಜಾರಿದರೆ ಪುಲ್ಲಿಯ ನಯವಾದ ಮೈಗೆ ಗೀರು ಬೀಳುತ್ತದೆ, ಆ ಗೀರು ಮುಂದಿನ ಜಾರುವಿಕೆಗೆ ದಾರಿ. ಸ್ಕ್ಯಾನರಿನಲ್ಲಿ ಪಿ0868 ಬಂದರೆ ಎಣ್ಣೆಯ ಒತ್ತಡ ಕಡಿಮೆ ಎಂದು.

‘ಗೊಂಯ್’ ಸದ್ದಿಗೆ ಸುಲಭದ ವಿಂಗಡಣೆ ಇದೆ. 50-60 ವೇಗದಲ್ಲಿ ಖಾಲಿ ರಸ್ತೆಯಲ್ಲಿ ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತೂಗಿ. ಒಂದು ಕಡೆಗೆ ತಿರುಗಿದಾಗ ಸದ್ದು ಹೆಚ್ಚಿ ಇನ್ನೊಂದು ಕಡೆಗೆ ಕಮ್ಮಿಯಾದರೆ ಚಕ್ರದ ಬೇರಿಂಗ್. ತಿರುಗಿಸಿದರೂ ಬದಲಾಗದೆ ವೇಗದ ಜೊತೆ ಮಾತ್ರ ಏರುತ್ತಾ, ಗೇರ್‌ಬಾಕ್ಸಿನ ಕಡೆಯಿಂದ ಕೇಳುತ್ತಿದ್ದರೆ ಪುಲ್ಲಿಯ ಬೇರಿಂಗ್ ಮೇಲೆ ಅನುಮಾನ. ಟೈರ್ ಒಂದೇ ಕಡೆ ಸವೆದಿದ್ದರೂ ಇದೇ ಸದ್ದು, ಮೊದಲು ಅದನ್ನು ಕೈಯಾಡಿಸಿ ನೋಡಿ.

ಹಿಂದಿನ ಮಾಲೀಕರು ಎಣ್ಣೆ ಬದಲಿಸಿದ ದಾಖಲೆ ಇಲ್ಲದಿದ್ದರೆ ಈಗಲೇ ಬದಲಿಸಿ. ನಗರದಲ್ಲೇ ಓಡುವ ಸಿವಿಟಿಗೆ 40,000 ಕಿ.ಮೀ.ಗೊಮ್ಮೆ ಎಂಬುದು ನಮ್ಮ ಸಲಹೆ. ಸಿವಿಟಿ ಎಣ್ಣೆ ಬೇರೆಯೇ ಜಾತಿ. ಹೋಂಡಾದ ಎಚ್‌ಸಿಎಫ್-2, ನಿಸ್ಸಾನಿನ ಎನ್‌ಎಸ್-3 ಹೀಗೆ ಕಂಪನಿಗೊಂದು. ಟಾರ್ಕ್ ಕನ್ವರ್ಟರಿನ ಕೆಂಪೆಣ್ಣೆ ಹಾಕಿದರೆ ಬೆಲ್ಟಿಗೆ ಬೇಕಾದ ಹಿಡಿತ ಸಿಗುವುದಿಲ್ಲ.

ಪ್ರಶ್ನೆ: ಸಿಲ್ಕ್ ಬೋರ್ಡ್ ಕಡೆಯಿಂದ ದಿನಾ ಓಡಾಟ. ನನ್ನ ಡಿಸಿಟಿ ಕಾರಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಬರುತ್ತದೆ. (ಬೆಂಗಳೂರು)

ಉತ್ತರ: ಡಿಸಿಟಿಯಲ್ಲಿ ಒಣ ಕ್ಲಚ್ ಮತ್ತು ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಎಂದು ಎರಡು ಬಗೆ. ಒಣ ಕ್ಲಚ್ಚಿಗೆ ಗಾಳಿ ಬಿಟ್ಟರೆ ಬೇರೆ ತಂಪಿಲ್ಲ. ಗಾಡಿ ನಡಿಗೆಯ ವೇಗದಲ್ಲಿ ತೆವಳುವಾಗ ಕ್ಲಚ್ ಅರ್ಧ ಹಿಡಿದು ಜಾರುತ್ತಲೇ ಇರುತ್ತದೆ, ಬಿಸಿಯೆಲ್ಲ ಅಲ್ಲೇ ಹುಟ್ಟುತ್ತದೆ. ಎಚ್ಚರಿಕೆ ಬಂದಾಗ ಬದಿಗೆ ನಿಲ್ಲಿಸಿ ‘ಪಿ’ಗೆ ಹಾಕಿ, ಇಂಜಿನ್ ಓಡಲು ಬಿಟ್ಟು ಸಂದೇಶ ಹೋಗುವವರೆಗೆ ಕಾಯಿರಿ.

ದಿನಾ ಬರದಂತೆ ಮಾಡಲು ಓಡಿಸುವ ಕ್ರಮ ಬದಲಾಗಬೇಕು. ಮುಂದಿನ ಗಾಡಿ ಎರಡಡಿ ಸರಿದಾಗಲೆಲ್ಲ ಸರಿಯಬೇಡಿ. ಎರಡು ಕಾರಿನಷ್ಟು ಜಾಗ ಬಿಟ್ಟುಕೊಂಡು, ಕ್ಲಚ್ ಪೂರ್ತಿ ಹಿಡಿಯುವಷ್ಟು ಒಂದೇ ಸಲ ಮುಂದೆ ಹೋಗಿ ಪೂರ್ತಿ ನಿಲ್ಲಿಸಿ. ಆ ಜಾಗಕ್ಕೆ ಆಟೊ ನುಗ್ಗುತ್ತದೆ, ನುಗ್ಗಲಿ. ಫ್ಲೈಓವರ್ ಏರಿನಲ್ಲಿ ಆಕ್ಸಿಲರೇಟರಿನಿಂದ ಗಾಡಿ ಹಿಡಿದು ನಿಲ್ಲಿಸುವುದಂತೂ ಬೇಡವೇ ಬೇಡ. ಬ್ರೇಕ್ ಅಥವಾ ಆಟೊ ಹೋಲ್ಡ್ (ಬ್ರೇಕನ್ನು ತಾನೇ ಹಿಡಿದಿಡುವ ಸೌಲಭ್ಯ) ಬಳಸಿ. ಇದು ಎಎಂಟಿಗೂ ಅನ್ವಯ.

ಇಷ್ಟು ಮಾಡಿದ ಮೇಲೂ ಎರಡರಿಂದ ಒಂದಕ್ಕೆ ಬರುವಾಗ ನಡುಗಿದರೆ ಕ್ಲಚ್ ಸವೆತದ ಅಳತೆಯನ್ನು ಸ್ಕ್ಯಾನರಿನಲ್ಲಿ ನೋಡಿಸಿ. ಸಮ ಗೇರುಗಳೆಲ್ಲ ಅಥವಾ ಬೆಸ ಗೇರುಗಳೆಲ್ಲ ಒಟ್ಟಿಗೆ ಕಾಣೆಯಾದರೆ ಅವುಗಳ ಪಾಲಿನ ಕ್ಲಚ್ ಅಥವಾ ಅದನ್ನು ನಡೆಸುವ ಕವಾಟದ ದೋಷ. ಯಾವ ಗೇರೂ ಬೀಳದೆ ಲಿವರ್ ಗುರುತು ಮಿನುಗುತ್ತಿದ್ದರೆ ಮೆಕಾಟ್ರಾನಿಕ್ ಎನ್ನುವ ಎಣ್ಣೆ-ಎಲೆಕ್ಟ್ರಾನಿಕ್ ಘಟಕದ ಕಡೆ ನೋಡಬೇಕು. ಅದನ್ನು ಬದಲಿಸುವ ಮೊದಲು ಬ್ಯಾಟರಿ ವೋಲ್ಟೇಜ್ ಮತ್ತು ಫ್ಯೂಸ್ ನೋಡಿದ್ದೀರಾ ಎಂದು ಕೇಳಲು ಸಂಕೋಚ ಬೇಡ.

ಪ್ರಶ್ನೆ: ಶಿರಾಡಿ ಘಾಟಿ ಇಳಿಯುವಾಗ ‘ಎನ್’ಗೆ ಹಾಕಿದರೆ ಗೇರ್‌ಬಾಕ್ಸಿಗೆ ವಿಶ್ರಾಂತಿ ಸಿಗುತ್ತದಲ್ಲವೇ? (ಸಕಲೇಶಪುರ)

ಉತ್ತರ: ಇಲ್ಲ. ಗೇರ್‌ಬಾಕ್ಸಿಗೆ ಲಾಭವಿಲ್ಲ, ಬ್ರೇಕ್ ಮಾತ್ರ ಕಾದು ಹೋಗುತ್ತದೆ. ಮ್ಯಾನುಯಲ್ ಮೋಡಿನಲ್ಲಿ ಎರಡು ಅಥವಾ ಮೂರನೇ ಗೇರ್, ಸಿವಿಟಿಯಲ್ಲಿ ‘ಎಲ್’ (ಲೋ) ಅಥವಾ ‘ಎಸ್’ (ಸ್ಪೋರ್ಟ್) ಹಾಕಿ ಇಂಜಿನ್ನೇ ಗಾಡಿಯನ್ನು ತಡೆಯಲು ಬಿಡಿ. ಆಗ ಆರ್‌ಪಿಎಂ 3,000 ತೋರಿಸಿದರೆ ಗಾಬರಿ ಬೇಡ, ಇಂಧನವೂ ಹೆಚ್ಚು ಸುಡುವುದಿಲ್ಲ.

ಪ್ರಶ್ನೆ: ಮಳೆನೀರಿನಲ್ಲಿ ಬಾಗಿಲಿನ ಅರ್ಧದವರೆಗೆ ಮುಳುಗಿದ್ದ ಕಾರು. ಇಂಜಿನ್ ಆಯಿಲ್ ಬದಲಿಸಿ ಸ್ಟಾರ್ಟ್ ಮಾಡಿಸಿದ್ದೇವೆ, ಚೆನ್ನಾಗಿದೆ. ಗೇರ್‌ಬಾಕ್ಸ್ ಮುಟ್ಟಬೇಕೇ? (ಬೆಳ್ಳಂದೂರು)

ಉತ್ತರ: ಮುಟ್ಟಬೇಕು, ಅದೂ ಇನ್ನು ಓಡಿಸುವ ಮೊದಲು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತಾಗ ಮುಳುಗಿದಂಥ ಕಾರುಗಳಿಗೆಲ್ಲ ಈ ಮಾತು ಅನ್ವಯಿಸುತ್ತದೆ. ಗೇರ್‌ಬಾಕ್ಸಿಗೆ ಉಸಿರಾಡಲು ಒಂದು ಬ್ರೀದರ್ ಕೊಳವೆ ಇದೆ. ಬಿಸಿ ಪೆಟ್ಟಿಗೆ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ಆ ಕೊಳವೆಯಿಂದ ನೀರು ಎಳೆದುಕೊಳ್ಳುತ್ತದೆ. ಸ್ವಲ್ಪ ಎಣ್ಣೆ ಗಾಜಿನ ಲೋಟಕ್ಕೆ ಹಿಡಿಯಿರಿ. ಹಾಲು ಬೆರೆಸಿದಂತೆ ತಿಳಿಗುಲಾಬಿಯಾಗಿ ಕಲಸಿದ್ದರೆ ನೀರು ಸೇರಿದೆ. ಕ್ಲಚ್ ಪ್ಲೇಟುಗಳ ಮೇಲಿನ ಕಾಗದದಂಥ ಪದರವನ್ನು ಅಂಟಿನಿಂದ ಕೂಡಿಸಿರುತ್ತಾರೆ. ನೀರಿಗೆ ಆ ಅಂಟು ಬಿಡುತ್ತದೆ. ನೀರು ಕಂಡ ಮೇಲೆ ಒಂದು ಸಲ ಎಣ್ಣೆ ಬದಲಿಸಿ ಓಡಿಸಿ ನೋಡುವುದು ಸಾಲದು. ಕನ್ವರ್ಟರ್, ಕೂಲರ್ ಸಹಿತ ಪೂರ್ತಿ ಎಣ್ಣೆ ತೆಗೆಸಬೇಕು, ಕಂಪ್ಯೂಟರಿನ ಕನೆಕ್ಟರುಗಳನ್ನು ಬಿಚ್ಚಿ ಒಣಗಿಸಬೇಕು. ವಿಮೆಯವರ ಸರ್ವೇಯರ್ ನೋಡುವ ಮೊದಲು ಯಾವ ಎಣ್ಣೆಯನ್ನೂ ಚೆಲ್ಲಬೇಡಿ, ಫೋಟೊ ಇಟ್ಟುಕೊಳ್ಳಿ.

ಮಳೆ ಕಾಣದ ಕಾರಿನಲ್ಲೂ ಇದೇ ಬಣ್ಣ ಬಂದರೆ ರೇಡಿಯೇಟರಿನೊಳಗಿನ ಎಣ್ಣೆ ಕೂಲರ್ ಒಡೆದು ಕೂಲಂಟ್ ಬೆರೆತಿದೆ.

ಇಂಥ ಗಾಡಿಯನ್ನು ಗ್ಯಾರೇಜಿಗೆ ಸಾಗಿಸುವಾಗ ಹಗ್ಗ ಕಟ್ಟಿ ಎಳೆಸಬೇಡಿ. ಇಂಜಿನ್ ನಿಂತಿದ್ದರೆ ಗೇರ್‌ಬಾಕ್ಸಿನ ಎಣ್ಣೆ ಪಂಪೂ ನಿಂತಿರುತ್ತದೆ. ಟಾರ್ಕ್ ಕನ್ವರ್ಟರ್, ಸಿವಿಟಿ ಎರಡರಲ್ಲೂ ಚಕ್ರ ತಿರುಗಿದರೆ ಒಳಭಾಗಗಳು ಎಣ್ಣೆಯಿಲ್ಲದೆ ಉಜ್ಜುತ್ತವೆ. ನಾಲ್ಕೂ ಚಕ್ರ ಮೇಲೇರಿಸುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಿ.

ಪ್ರಶ್ನೆ: ಹಳೇ ಆಟೊಮ್ಯಾಟಿಕ್ ಕಾರು ಕೊಳ್ಳಬೇಕೆಂದಿದ್ದೇನೆ. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಾಕೇ? (ಶಿವಮೊಗ್ಗ)

ಉತ್ತರ: ಶುರುವಿಗೆ ಸಾಕು, ನಂಬಿಕೊಳ್ಳಲು ಸಾಲದು. ಅಗ್ಗದವು ಬಹುಪಾಲು ಇಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತವೆ. ಅದರಲ್ಲಿ ಪಿ0700 ಬಂದರೆ ‘ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ದೂರಿದೆ, ಅಲ್ಲಿ ಕೇಳಿ’ ಎಂದಷ್ಟೇ ಅರ್ಥ. ಅಲ್ಲಿನ ಕೋಡ್ ಓದುವ ಸ್ಕ್ಯಾನರ್ ಇರುವವರಲ್ಲಿಗೆ ಒಯ್ಯಿರಿ. ಪಿ0715, ಪಿ0720 ವೇಗದ ಸೆನ್ಸರುಗಳದ್ದು, ವೈರ್ ಅಥವಾ ಸೆನ್ಸರ್ ಬದಲಿಸಿದರೆ ಮುಗಿಯಬಹುದು. ಪಿ0730 ಬಂದರೆ ಗೇರಿಗೂ ವೇಗಕ್ಕೂ ಲೆಕ್ಕ ಹೊಂದುತ್ತಿಲ್ಲ, ಒಳಗೆಲ್ಲೋ ಜಾರುತ್ತಿದೆ. ಪಿ0218 ಎಂದರೆ ಎಂದೋ ಅತಿಯಾಗಿ ಬಿಸಿಯಾಗಿತ್ತು.

ಕೋಡ್ ಒಂದೂ ಇಲ್ಲ ಎಂದು ಸಂತೋಷಪಡುವ ಮೊದಲು ಅದೇ ಸ್ಕ್ಯಾನರಿನಲ್ಲಿ ‘ಕೋಡ್ ಅಳಿಸಿದ ಮೇಲೆ ಓಡಿದ ದೂರ’ ಎಂಬ ಅಂಕಿ ನೋಡಿ. 12 ಕಿ.ಮೀ. ಎಂದಿದ್ದರೆ ನೀವು ಬರುವ ಬೆಳಿಗ್ಗೆಯೇ ಅಳಿಸಿದ್ದಾರೆ.

ಗಾಡಿಯನ್ನು ತಣ್ಣಗಿರುವಾಗಲೇ ನೋಡಬೇಕು ಎಂದು ಮೊದಲೇ ಹೇಳಿ, ಬಾನೆಟ್ ಮುಟ್ಟಿ ಖಚಿತಪಡಿಸಿಕೊಳ್ಳಿ. ತಣ್ಣನೆಯ ಮೊದಲ ‘ಡಿ’ ಮತ್ತು ‘ಆರ್’ ಹಿಡಿಯುವುದನ್ನು ಗಮನಿಸಿ, ಮುಕ್ಕಾಲು ಗಂಟೆ ಓಡಿಸಿ, ಬಿಸಿಯಾದ ಮೇಲೆ ಅದನ್ನೇ ಮತ್ತೆ ನೋಡಿ. ಒಂದು ಏರಿನಲ್ಲಿ ರಿವರ್ಸ್ ಹೋಗಿ. ಕೆಲವು ಮೆಕ್ಯಾನಿಕ್‌ಗಳು ಬ್ರೇಕ್ ಒತ್ತಿಹಿಡಿದು ‘ಡಿ’ಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡುವ ಸ್ಟಾಲ್ ಟೆಸ್ಟ್ ಮಾಡುತ್ತಾರೆ. ಟಾರ್ಕ್ ಕನ್ವರ್ಟರಿನಲ್ಲಿ ಐದು ಸೆಕೆಂಡ್ ದಾಟಿದರೆ ಎಣ್ಣೆ ಕುದಿಯುವಷ್ಟು ಬಿಸಿಯಾಗುತ್ತದೆ, ಎಎಂಟಿ ಮತ್ತು ಡಿಸಿಟಿಯಲ್ಲಿ ಕ್ಲಚ್ಚೇ ಹೋಗಬಹುದು. ಇನ್ನೂ ಕೊಳ್ಳದ ಗಾಡಿಯ ಮೇಲೆ ಅದನ್ನು ಮಾಡಿಸಿದರೆ ಜಗಳ ಖಂಡಿತ.